ಬೆಟ್ಟದ ಮೇಲೊಂದು ಬುಟ್ಟಿ

ಶಿಬಿರದಲ್ಲಿ ಮಕ್ಕಳಿಗೆ ಹಾಡಿಸಬೇಕಾಗಿದ್ದ ಮೇಡಂ ಅವರಿಗೆ ಹಿಂದಿನ ರಾತ್ರಿಯೇ ಗಂಟಲು ಕಟ್ಟಿತ್ತು. ಬೆಳಗ್ಗೆ ಬಾಯಿ ತೆರೆದರೆ ಬರೀ ಗಾಳಿ. ಲೆಕ್ಕ ಬರೆದುಕೊಂಡು ಮೂಲೆಯಲ್ಲಿದ್ದ ನನ್ನನ್ನು ಸಂಘಟಕರು ಎಬ್ಬಿಸಿ, ‘ನೀವು ಗುನುಗುವುದನ್ನು ಕೇಳಿದ್ದೇವೆ, ಇವತ್ತೊಂದು ದಿನ ನಡೆಸಿಕೊಡಿ’ ಎಂದರು. 58 ಮಕ್ಕಳು, 6ರಿಂದ 12ರ ಪ್ರಾಯದವರು. ಒಂದು ದಿನ ತಾನೇ ಎಂದು ಒಪ್ಪಿಕೊಂಡೆ.

ಲೆಕ್ಕದವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೊದಲು ಮಾಡಿದ ಕೆಲಸವೆಂದರೆ ಹಾಡುಗಳ ಸಾಲುಗಳನ್ನು ಮುದ್ರಿಸಿ ತಲೆಗೊಂದರಂತೆ ಹಾಳೆ ಹಂಚಿದ್ದು. ಮಕ್ಕಳ ಕತ್ತೆಲ್ಲ ಬಗ್ಗಿತು, ದನಿಯೆಲ್ಲ ಮಡಿಲಿಗೆ ಬಿತ್ತು. ಓದಲು ಬಾರದ ಚಿಕ್ಕವರು ಹಾಳೆಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಕುಳಿತರು. ಎರಡನೆಯ ಹಾಡಿಗೆ ವಿಮಾನಗಳು ಹಾರತೊಡಗಿದವು. ಹಾಡು ಬರುವ ನಾಲ್ಕೈದು ಮಂದಿ ಮತ್ತು ನಾನು, ಉಳಿದವರು ನಮ್ಮ ಕಛೇರಿ ಕೇಳಲು ಬಂದ ಸಭಿಕರು ಎಂಬಂತಾಯಿತು.

ಇನ್ನೊಂದು ಎಡವಟ್ಟು ನನಗೆ ತಿಳಿಯಲೇ ಇಲ್ಲ. ನನ್ನದು ತಗ್ಗು ಗಂಟಲು. ನನಗೆ ಹಿತವಾದ ಶ್ರುತಿಯಲ್ಲೇ ಎತ್ತಿಕೊಂಡಿದ್ದೆ. ಮಕ್ಕಳಲ್ಲಿ ಅರ್ಧದಷ್ಟು ಜನ ಅದನ್ನು ಹಿಡಿಯಲು ಹೋಗಿ ಬಾವಿಯ ತಳದಿಂದ ಬಂದಂತೆ ಗೊರಗೊರ ಎಂದರು. ಕೆಲವರು ಇದು ಆಗದ ಮಾತೆಂದು ಒಂದು ಸ್ಥಾಯಿ ಮೇಲಕ್ಕೆ ನೆಗೆದು ಕೀರಲಿದರು. ಮಿಕ್ಕವರು ಒಂದೇ ಸ್ವರದಲ್ಲಿ ಪದ್ಯ ಒಪ್ಪಿಸಿದರು. ಇವರಿಗೆ ಸ್ವರಜ್ಞಾನವೇ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಒಂದು ಚೀಟಿ ಬಂತು: ‘ಶ್ರುತಿ ಪಾತಾಳದಲ್ಲಿದೆ. ನೀವು ಎತ್ತಬೇಡಿ. ಒಬ್ಬ ಹುಡುಗಿಯ ಕೈಲಿ ಶುರು ಮಾಡಿಸಿ.’

ಮುಂದಿನ ಸಾಲಿನ ಹುಡುಗಿಗೆ ಹೇಳಿದೆ. ಅವಳು ಎತ್ತಿದ್ದು ನಾನು ಎತ್ತಿದ್ದಕ್ಕಿಂತ ಬಹಳ ಮೇಲೆ. 58 ದನಿಗಳು ಹೋಗಿ ಅಲ್ಲಿ ಕುಳಿತವು. ಸ್ವರಜ್ಞಾನ ಯಾರಿಗಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಹಾಳೆಗಳನ್ನು ವಾಪಸು ತೆಗೆದುಕೊಂಡೆ. ಆದರೆ ಹಾಳೆಯಿಲ್ಲದೆ ಹಾಡಿಸುವುದು ಏನನ್ನು? ಅಲ್ಲೇ ನಿಂತು ಒಂದನ್ನು ಹೊಸೆದೆ. ‘ಬೆಟ್ಟದ ಮೇಲೊಂದು ಬುಟ್ಟಿ, ಬುಟ್ಟಿಯ ಒಳಗೊಂದು ಬೆಕ್ಕು, ಬೆಕ್ಕಿನ ಕೊರಳಲಿ ಗಂಟೆ, ಗಂಟೆಯ ಮೇಲೊಂದು ನೊಣ.’ ಪ್ರತಿ ಸುತ್ತಿಗೂ ಒಂದು ಸಾಲು ಏರಿಸಿ, ತುದಿ ಮುಟ್ಟಿದ ಮೇಲೆ ಮತ್ತೆ ಬೆಟ್ಟಕ್ಕೆ ಇಳಿಯುವುದು. ಬುಟ್ಟಿಗೆ ಎರಡು ತೋಳು, ಬೆಕ್ಕಿಗೆ ಮೀಸೆ, ಗಂಟೆಗೆ ಅಲ್ಲಾಡುವ ಮುಂಗೈ. ರಾಗ ಎನ್ನುವಂಥದ್ದೇನೂ ಇಲ್ಲ, ಪ ಮತ್ತು ಗ, ಎರಡೇ ಸ್ವರ. ಆಟಕ್ಕೆ ಗೆಳೆಯನನ್ನು ದೂರದಿಂದ ಕೂಗುವಾಗ ಮಕ್ಕಳ ದನಿ ತಾನಾಗಿ ಮೇಲಿನಿಂದ ಕೆಳಕ್ಕೆ ಜಾರುತ್ತದಲ್ಲ, ಹೆಚ್ಚುಕಡಿಮೆ ಅದೇ ಅಂತರ. ಹಂಗೇರಿಯ ಸಂಗೀತಜ್ಞ ಜೊಲ್ತಾನ್ ಕೊಡಾಯ್ (1882–1967) ಅವರ ಹೆಸರಿನ ಬೋಧನಾ ಕ್ರಮದಲ್ಲಿ ಪುಟ್ಟ ಮಕ್ಕಳ ಪಾಠ ಸಾಮಾನ್ಯವಾಗಿ ಈ ಎರಡು ಸ್ವರಗಳಿಂದಲೇ ಮೊದಲಾಗುತ್ತದೆ ಎಂದು ಮೇಡಂ ಆಮೇಲೆ ಬರೆದು ತಿಳಿಸಿದರು. ನಾನು ಆ ಸ್ವರಗಳನ್ನು ಆರಿಸಿದ್ದು ವಿದ್ವತ್ತಿನಿಂದಲ್ಲ. ಬೇರೆ ಸ್ವರ ಹುಡುಕಲು ಸಮಯವಿರಲಿಲ್ಲ.

ನಾಲ್ಕನೆಯ ಸುತ್ತಿಗೆ ಹಾಡು ನನ್ನ ಕೈಬಿಟ್ಟಿತು. ‘ನೊಣಕ್ಕೆ ಬಂದಿತ್ತು ನೆಗಡಿ’ ಎಂದು ಹಿಂದಿನಿಂದ ಯಾರೋ ಸೇರಿಸಿದರು. ಸಾಲು ಮುಗಿಯುತ್ತಲೇ ಇಡೀ ಕೋಣೆ ತಾಳಕ್ಕೆ ಸರಿಯಾಗಿ ಸೀನಿತು. ಮುಂದಿನ ಅರ್ಧ ಗಂಟೆ ನಾವು ಹಾಡಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಗೋಡೆಗೆ ಒರಗಿದ್ದ ಒಬ್ಬ ಹುಡುಗ ಮಾತ್ರ ತುಟಿ ಬಿಚ್ಚಲಿಲ್ಲ. ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು, ಆ ತೋಳಿನೊಳಗಿಂದಲೇ ಬುಟ್ಟಿ, ಮೀಸೆ, ಗಂಟೆ ಎಲ್ಲವನ್ನೂ ಒಂದೂ ತಪ್ಪದೆ ಮಾಡುತ್ತಿದ್ದ. ‘ನೀನೂ ಹಾಡು’ ಎನ್ನಲು ಬಾಯಿವರೆಗೆ ಬಂದ ಮಾತನ್ನು ನುಂಗಿಕೊಂಡೆ.

‘ಯಾವ ಗುಂಪಿನ ದನಿ ಜೋರು, ನೋಡೋಣ’ ಎಂದು ಹುರಿದುಂಬಿಸಿದ್ದು ಮಾತ್ರ ಶುದ್ಧ ಮೂರ್ಖತನ. ಹಾಡು ಅರಚಾಟವಾಯಿತು, ಇಬ್ಬರು ಕೆಮ್ಮತೊಡಗಿದರು. ಗಂಟಲು ಕಟ್ಟಿದ ಒಬ್ಬರು ಪಕ್ಕದ ಕೋಣೆಯಲ್ಲೇ ಇರುವಾಗ ಇನ್ನೂ 58 ಜನರನ್ನು ಆ ಪಂಕ್ತಿಗೆ ಸೇರಿಸಲು ಹೊರಟಿದ್ದೆ. ಆಟವನ್ನು ತಿರುಗಿಸಿದೆ: ‘ಬೆಕ್ಕು’ ಎಂಬ ಮಾತು ಬಂದಾಗ ಬಾಯಿ ಮುಚ್ಚಿ ಮೀಸೆಯನ್ನಷ್ಟೇ ತೋರಿಸಬೇಕು. ಮುಂದಿನ ಸುತ್ತಿಗೆ ಗಂಟೆಯೂ ಮೌನ. ಬಾಯಿ ತಪ್ಪಿ ‘ಬೆ—’ ಎಂದವನನ್ನು ನೋಡಿ ನಗು. ನಗು ನಿಂತರೆ ಎಲ್ಲರ ಮನಸ್ಸಿನೊಳಗೆ ಒಂದೇ ತಾಳ ನಡೆಯುತ್ತಿರುವುದು ಕಣ್ಣಿಗೆ ಕಾಣುವಂತಿತ್ತು.

ಸಂಜೆ ಗುಡ್ಡದ ದಾರಿಯಲ್ಲಿ ನಡಿಗೆ. ಹಾಡುತ್ತ ನಡೆದರೆ ಕಾಲು ನೋಯುವುದಿಲ್ಲ ಎಂಬ ಭರವಸೆಯಲ್ಲಿ ಬುಟ್ಟಿಯ ಹಾಡನ್ನೇ ಎತ್ತಿಸಿದೆ. ನೂರು ಹೆಜ್ಜೆಯೊಳಗೆ ಕಲಸುಮೇಲೋಗರ. ಹಿಂದಿನವರು ಎಳೆಯುತ್ತಿದ್ದಾರೆಂದು ಮುಂದಿನವರೂ, ಮುಂದಿನವರು ಓಡುತ್ತಿದ್ದಾರೆಂದು ಹಿಂದಿನವರೂ ದೂರಿದರು. ತಪ್ಪು ಇಬ್ಬರದೂ ಅಲ್ಲ, ಗಾಳಿಯದು. ನಮ್ಮ ಸಾಲು ಸುಮಾರು 70 ಮೀಟರ್ ಉದ್ದವಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬಾಲದವರಿಗೆ ಹಾಡು ತಲುಪುವಾಗ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿರುತ್ತದೆ, ಅವರ ದನಿ ತಲೆಯವರಿಗೆ ಮರಳುವಾಗ ಇನ್ನೊಂದು ಅಷ್ಟೇ. ನಡಿಗೆಯ ಹಾಡಿನಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಅಂದರೆ ಹೋಗಿ ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಹೆಜ್ಜೆಯೇ ನಷ್ಟ. ಕೊನೆಗೂ ನನ್ನ ಲೆಕ್ಕಪತ್ರದ ವಿದ್ಯೆ ಉಪಯೋಗಕ್ಕೆ ಬಂತು! ಒಟ್ಟಿಗೆ ಹಾಡುವುದನ್ನು ನಿಲ್ಲಿಸಿ, ತಲೆಯವರು ಒಂದು ಸಾಲು ಹೇಳಲಿ, ಅದು ಕಿವಿಗೆ ಬಿದ್ದ ಮೇಲೆ ಬಾಲದವರು ಉತ್ತರ ಕೊಡಲಿ ಎಂದೆ. ಕಾಯುವುದೇ ಹಾಡಿನ ಭಾಗವಾದಾಗ ತಡವಾಯಿತೆಂಬ ಜಗಳವೇ ಉಳಿಯಲಿಲ್ಲ. ಸೀನು ಮಾತ್ರ ಈ ಕೊನೆಯಿಂದ ಆ ಕೊನೆಗೆ ಅಲೆಯಂತೆ ಹೋಗಿ ಬರುತ್ತಿತ್ತು.

ರಾತ್ರಿಗೆ ಇನ್ನೊಂದು ಚೀಟಿ. ಮೂರೇ ಸಾಲಿನ ಒಂದು ಹಾಡು, ಕೆಳಗೆ ಸೂಚನೆ: ‘ಮೂರು ಗುಂಪು. ಒಂದು ಗುಂಪು ಮೊದಲ ಸಾಲು ಮುಗಿಸಿದಾಗ ಇನ್ನೊಂದು ಹೊರಡಲಿ. ಅದಕ್ಕೆ ಮೊದಲು ಎಲ್ಲರೂ ಕೂಡಿ ಬಾಯಿಪಾಠ ಆಗುವಷ್ಟು ಹಾಡಿ. ಎಳೆಯರನ್ನು ಕೊನೆಯ ಗುಂಪಿಗೆ ಹಾಕಿ, ನೀವು ಅಲ್ಲಿ ನಿಲ್ಲಿ.’ ಮೂರು ಸಾಲುಗಳೂ ಒಂದರ ಮೇಲೊಂದು ಕುಳಿತರೂ ಕಿವಿಗೆ ಹಿತವಾಗುವಂತೆ ಹೊಂದಿಸಿದ ಹಾಡು ಅದು. ಎಲ್ಲ ಹಾಡುಗಳಿಗೂ ಈ ಗುಣ ಇರುವುದಿಲ್ಲ, ನಮ್ಮ ಬುಟ್ಟಿಯ ಹಾಡಿಗಂತೂ ಇರಲಿಲ್ಲ. ಮೊದಲ ಸಲ ಎರಡನೆಯ ಗುಂಪು ಹೊರಡುತ್ತಲೇ ಮೊದಲಿನವರು ಅವರ ಸಾಲಿಗೆ ಜಾರಿಬಿಟ್ಟರು. ಎರಡನೆಯ ಸಲ ಕಿವಿಯಲ್ಲಿ ಬೆರಳಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೂದಲೆಳೆಯಲ್ಲಿ ಉಳಿದುಕೊಂಡರು. ಮೂರನೆಯ ಸಲ ಒಂದೊಂದೇ ಬೆರಳು ಕಿವಿಯಿಂದ ಹೊರಬಂತು.

ದೀಪ ಸಣ್ಣದು ಮಾಡಿದ್ದೆವು. ಮೂರು ಸುತ್ತುಗಳಾದ ಮೇಲೆ ಮೊದಲ ಗುಂಪು ನನ್ನ ಕೈ ನೋಡಿ ನಿಲ್ಲಿಸಿತು, ಆಮೇಲೆ ಎರಡನೆಯದು. ನನ್ನ ಸುತ್ತ ಇದ್ದ ಹದಿನೈದಿಪ್ಪತ್ತು ಎಳೆಯರ ಸಣ್ಣ ದನಿಯೊಂದೇ ಉಳಿಯಿತು, ಕೊನೆಯ ಸಾಲು ಅವರದೇ. ಅದನ್ನು ಚೆನ್ನಾಗಿ ಮುಗಿಸಿದರು. ಮುಗಿಸಿ, ಉಸಿರು ಎಳೆದುಕೊಂಡು, ಮತ್ತೆ ಮೊದಲ ಸಾಲಿನಿಂದ ಹೊರಟರು. ಮೊದಲ ಗುಂಪಿಗೆ ಇಷ್ಟೇ ಸಾಕಾಗಿತ್ತು, ಅವರೂ ಹಿಂದೆ ಬಿದ್ದರು. ನಾನು ಎರಡೂ ಕೈ ಬೀಸುತ್ತಿದ್ದೆ; ಅದು ಹುರುಪಿನ ಸನ್ನೆ ಎಂದುಕೊಂಡು ಎರಡನೆಯ ಗುಂಪೂ ಸೇರಿಕೊಂಡಿತು. ಅಂಗಿಯ ತೋಳಿನ ಹುಡುಗ ಕತ್ತಲಲ್ಲಿ ಎಲ್ಲಿದ್ದನೋ ಕಾಣಲಿಲ್ಲ.

ಬಾಗಿಲಲ್ಲಿ ಮೇಡಂ ನಿಂತಿದ್ದರು, ಕತ್ತಿಗೆ ಶಾಲು ಸುತ್ತಿಕೊಂಡು. ಮೂರನೆಯ ಚೀಟಿ ಕೈಯಿಂದ ಕೈಗೆ ದಾಟಿ ನನ್ನ ಬಳಿ ಬಂತು. ‘ಎಷ್ಟು ಸುತ್ತು ಎಂದು ಮೊದಲೇ ಹೇಳಿದ್ದಿರಾ?’