ಬುಟ್ಟಿ ತಾನೆ ಇದು?

"ಬುಟ್ಟಿ ತಾನೆ ಇದು?" ಅಂದರು ಪ್ರವಾಸಿಯೊಬ್ಬರು, ಲೈಫ್ ಜಾಕೆಟ್ಟಿನ ಬಕಲ್ ಹುಡುಕುತ್ತಾ. ಅಂಬಿಗ ತಲೆ ಎತ್ತಲಿಲ್ಲ. "ಬುಟ್ಟೀನ ರೀ. ಬ್ಯಾಡಂದ್ರ ಈಸಿ ಬರ್ರಿ."

ಹಂಪಿಯ ಎದುರು, ತುಂಗಭದ್ರೆಯ ಆನೆಗೊಂದಿ ದಡದಲ್ಲಿ, ಹರಿಗೋಲು ಹತ್ತುವ ಮುಂಚೆ ಒಂದು ಭಾನುವಾರ ನಡೆದ ಮಾತು. ಕೇಳಿದವರು ಕೆಟ್ಟವರಲ್ಲ, ಫೋನಿನಲ್ಲಿ ಹಂಪಿಯನ್ನು ಮುಗಿಸಿಕೊಂಡು ಬಂದವರು, ಅಷ್ಟೇ. ಆದರೆ ಆ 'ತಾನೆ' ಇನ್ನೂ ಕಿವಿಯಲ್ಲಿ ಕೂತಿದೆ.

ವಿಜಯನಗರದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದ ಕಡೆ. ಈ ದಡಕ್ಕೆ ಬಂದರೆ ಹಡಗಿಲ್ಲ, ಇದೇ ಹರಿಗೋಲು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ: ದೋಣಿ ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಸದಾ ತಿರುಗುತ್ತಲೇ ಇರುತ್ತದೆ. ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವಂತೆ. ಅಂದರೆ ಅಂಬಿಗನ ಮಾತೂ ಹೊಸದಲ್ಲ.

ಬುಟ್ಟಿಯೇಕೆ? ಇಲ್ಲಿ ಹೊಳೆಯ ತುಂಬ ಬಂಡೆ. ಹಲಗೆಯ ದೋಣಿ ಬಂಡೆಗೆ ಬಡಿದರೆ ಸೀಳುತ್ತದೆ. ಹೆಣೆದ ಬಿದಿರಿನ ದಬ್ಬೆ ಬಾಗಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆ, ಹಾಗಾಗಿ ಗೇಣುದ್ದದ ನೀರಲ್ಲೂ ತೇಲುತ್ತದೆ. ಈಗ ತೊಗಲಿಲ್ಲ. ಗೊಬ್ಬರದ ಚೀಲದಂಥ ಪ್ಲಾಸ್ಟಿಕ್ ಹೊಲಿದು ಡಾಂಬರು ಬಳಿಯುತ್ತಾರೆ. ಬಿಸಿಲಿಗೆ ಡಾಂಬರು ಬಿರುಕು ಬಿಡುತ್ತದೆ, ಕಲ್ಲಿನ ಮೇಲೆ ಎಳೆದರೆ ಕೆತ್ತಿ ಹೋಗುತ್ತದೆ, ಆಮೇಲೆ ತಳದಿಂದ ನೀರು ಜಿನುಗುತ್ತದೆ. ಅದಕ್ಕೇ ದಡದಲ್ಲಿ ಮಗುಚಿ ಹಾಕುವುದು, ಎಳೆಯದೆ ಹೊರುವುದು.

ಹತ್ತುವಾಗ ಅಂಚು ತುಳಿಯಬೇಡಿ, ನಡುವಿಗೆ ಕಾಲಿಡಿ. ಆಮೇಲೆ ಸುತ್ತಲೂ ಕೂತು ಭಾರ ಹಂಚಿಕೊಳ್ಳಿ. ಫೋಟೊಗೆಂದು ಎಲ್ಲರೂ ಒಂದೇ ಕಡೆ ವಾಲಿದರೆ ಮುಗಿಯಿತು. ಹುಟ್ಟು ಒಂದೇ. ಅದನ್ನು ಮುಂದೆ ಚಾಚಿ ತನ್ನತ್ತ ಸೆಳೆಯಬೇಕು, ಪಕ್ಕಕ್ಕೆ ಎಳೆದರೆ ಗಿರಗಟ್ಟೆ. ಇನ್ನೊಂದು ಜಾಣತನ: ಇಳಿಯಬೇಕಾದ ಜಾಗಕ್ಕಿಂತ ಮೇಲಿನಿಂದ ಬಿಟ್ಟುಕೊಳ್ಳುತ್ತಾರೆ, ಮಿಕ್ಕದ್ದನ್ನು ಸೆಳವು ನೋಡಿಕೊಳ್ಳುತ್ತದೆ.

ಆಚೆ ಹಂಪಿ ಕಡೆಯ ದಡ ತಳವಾರಘಟ್ಟ, ಅಲ್ಲಿಂದ ಕಾಲ್ನಡಿಗೆ. ಎದುರಿಗೆ ಹೊಸ ಸೇತುವೆಯ ಮುರಿದ ಕಂಬಗಳು. ಅದರ ಮತ್ತು ಇನ್ನೊಂದು ತೂಗುಸೇತುವೆಯ ಕಾಮಗಾರಿಯಿಂದ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿ ಸೇರಿ, 2006ರಲ್ಲಿ ಹೊರಬಂತು. ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಗಳ ಜೀವ ತೆಗೆಯಿತು. ಮುಂದೆ ವಿಠಲ ಗುಡಿಯ ಹತ್ತಿರ, ಪುರಂದರ ಮಂಟಪದ ಬಳಿ, ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ಅದು ವಿಜಯನಗರದವರ ಸೇತುವೆ, ಮೇಲಿನ ಹಾಸು ಹೋಗಿದೆ. ಎರಡೂ ಸೇತುವೆಗಳ ಕಂಬ ಉಳಿದಿದೆ, ದಾಟಿಸುತ್ತಿರುವುದು ಬುಟ್ಟಿ.

ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟ ದಿನ ಈ ನಡಿಗೆ ಬೇಡ. ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲು ಬಿಡುವುದೇ ಇಲ್ಲ. ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿರುವ ನಡುಗಡ್ಡೆ, ನವವೃಂದಾವನಕ್ಕೂ ದಾರಿ ಬಂದ್. ನೀರು ಇಳಿದ ಮೇಲೂ ಪಾಚಿ ಹಿಡಿದ ಬಂಡೆ ಜಾರುತ್ತದೆ, ನುಣುಪು ಚಪ್ಪಲಿ ಸಾಲದು.

ಆ ಭಾನುವಾರ ದಾಟಿ ಇಳಿದ ಮೇಲೆ ಆ ಪ್ರವಾಸಿ ಹಿಂದಿರುಗಿ, "ಈ ಬುಟ್ಟಿಗೆ ಎಷ್ಟಾಗುತ್ತೆ?" ಅಂತ ಕೇಳಿದರು. ಮಾರಾಟಕ್ಕಿದೆ ಅಂದುಕೊಂಡರೋ ಏನೋ. ಅಂಬಿಗ ಅದನ್ನು ಮಗುಚಿ ತಳದ ಮೇಲೆ ಅಂಗೈ ಆಡಿಸುತ್ತಿದ್ದ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಕಡ್ಡಿಯಿಂದ ಗೀಚಿ ಗುರುತು ಹಾಕಿ, "ಇಲ್ಲೊಂದು ಚೂರು ಡಾಂಬರು ಆದ್ರ ಸಾಕ್ರಿ" ಅಂದ.