ಬಿಲ್ಲು ಎಳೆಯುವ ಆ ಎರಡು ಸೆಕೆಂಡು

ಸಾದಾ ಬಿಲ್ಲಿನಲ್ಲಿ ಕಾಡು ಟರ್ಕಿ ಕೋಳಿ ಹೊಡೆಯುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಇದು ನನಗೆ ಗಟ್ಟಿಯಾಗಿ ಅನಿಸಿದ್ದು ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ. ಆವತ್ತು ಬಿಲ್ಲು ನನ್ನ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಸ್ಲೇಟು ಕೂರಿಸಿದ ಪುಟ್ಟ ಮರದ ಬಟ್ಟಲು, ಅದರ ಮೇಲೆ ಉಜ್ಜಲು ಒಂದು ಕಡ್ಡಿ. ಹೆಣ್ಣು ಟರ್ಕಿಯ ಹಾಗೆ ಕೂಗುವುದು ನನ್ನ ಪಾಲಿನ ಕೆಲಸ. ಹೊಡೆಯುವವನು ನನ್ನ ಗೆಳೆಯ, ದಾವಣಗೆರೆಯವನು. ಮೂರನೆಯವರು ಆ ಜಮೀನಿನ ಯಜಮಾನರು. ಹೈನುಗಾರಿಕೆ ಬಿಟ್ಟು ಈಗ ಬಿಲ್ಲು ಕೆತ್ತುವುದರಲ್ಲೇ ದಿನ ಕಳೆಯುವ ಹಿರಿಯರು. ನಮ್ಮಿಬ್ಬರಿಗೂ ಈ ವಿದ್ಯೆ ಕಲಿಸಿದವರು ಅವರೇ.

ಜಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿಗಳು ಉಜ್ಜಿ ಸಪಾಟು ಮಾಡಿದವು. ಈ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಕಡಿದಾದ ಗುಡ್ಡಗಳು, ಆಳದ ಕಣಿವೆಗಳು, ನಡುವೆ ಸುತ್ತಿ ಬಳಸಿ ಹರಿಯುವ ಕಿಕಪೂ ಹೊಳೆ. ಗುಡ್ಡದ ನೆತ್ತಿಯಲ್ಲಿ ಮೆಕ್ಕೆಜೋಳದ ಹೊಲ, ಇಳಿಜಾರಿನಲ್ಲಿ ಓಕ್ ಮರಗಳ ಕಾಡು. ತೀರ್ಥಹಳ್ಳಿ ಕಡೆಯ ನನಗೆ ಈ ನೆಲ ನೋಡಿದ ದಿನವೇ ಇಷ್ಟವಾಗಿತ್ತು.

ಯಜಮಾನರು ಚಿಕ್ಕವರಿದ್ದಾಗ ಈ ಗುಡ್ಡಗಳಲ್ಲಿ ಒಂದೇ ಒಂದು ಟರ್ಕಿಯೂ ಇರಲಿಲ್ಲವಂತೆ. ಅದು ನಿಜ. ಕಾಡು ಕಡಿದು, ಮಿತಿಯಿಲ್ಲದೆ ಬೇಟೆಯಾಡಿ, 1881ರ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಈ ಹಕ್ಕಿ ಪೂರ್ತಿ ಅಳಿದುಹೋಗಿತ್ತು. ಫಾರಂನಲ್ಲಿ ಸಾಕಿದ ಹಕ್ಕಿಗಳನ್ನು ತಂದು ಬಿಟ್ಟರೂ ಅವು ಕಾಡಿನಲ್ಲಿ ಬದುಕಲಿಲ್ಲ. ಕೊನೆಗೆ 1976ರಲ್ಲಿ ಮಿಸೌರಿ ರಾಜ್ಯದ ಜೊತೆ ಒಂದು ಅದಲುಬದಲು ನಡೆಯಿತು. ಇಲ್ಲಿಂದ ಕೋಳಿ ಜಾತಿಯ ಗ್ರೌಸ್ ಹಕ್ಕಿಗಳು ಅಲ್ಲಿಗೆ, ಅಲ್ಲಿಂದ ಹಿಡಿದ ಕಾಡು ಟರ್ಕಿಗಳು ಇಲ್ಲಿಗೆ. ಮೊದಲು ಬಿಟ್ಟದ್ದು 29 ಹಕ್ಕಿಗಳನ್ನು, ಇದೇ ವರ್ನನ್ ಕೌಂಟಿಯಲ್ಲಿ. 1983ಕ್ಕೆ ಮತ್ತೆ ಬೇಟೆಗೆ ಅನುಮತಿ ಕೊಡುವಷ್ಟು ಅವು ಹೆಚ್ಚಿದ್ದವು. ಇಲ್ಲಿ ಬಂದೂಕು, ಮದ್ದುಗುಂಡು, ಬಿಲ್ಲು ಬಾಣ ಇವುಗಳ ಮೇಲೆ ಒಂದು ಕೇಂದ್ರ ತೆರಿಗೆ ಇದೆ. 1937ರ ಕಾನೂನಿನ ಪ್ರಕಾರ ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನಮ್ಮ ಕರ್ನಾಟಕದಲ್ಲಿ 1972ರ ಕಾನೂನು ಬೇಟೆ ನಿಲ್ಲಿಸಿದ್ದು ಸರಿ ಅಂತಲೇ ನಾನು ನಂಬುತ್ತೇನೆ. ಆದರೆ ವಿಸ್ಕಾನ್ಸಿನ್‌ನಲ್ಲಿ ವಲಯ ಇಷ್ಟು, ವಾರ ಇಂಥದ್ದು, ಪರವಾನಗಿ ಇಷ್ಟೇ ಅಂತ ಎಣಿಸಿ ಕೊಡುತ್ತಾರೆ. ವಸಂತದಲ್ಲಿ ಹೊಡೆಯಬಹುದಾದದ್ದು ಗಂಡು ಹಕ್ಕಿ, ಇಲ್ಲವೇ ಎದೆಯಲ್ಲಿ ಕೂದಲಿನಂಥ ಗರಿಗಳ ಗಡ್ಡ ಇರುವ ಹಕ್ಕಿ ಮಾತ್ರ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ ಸಂತತಿಗೆ ಪೆಟ್ಟು ಬೀಳುವುದಿಲ್ಲ. ಅಮ್ಮ ಫೋನಿನಲ್ಲಿ "ಆ ಹಕ್ಕಿ ನಿಮಗೇನು ಮಾಡಿತ್ತೋ?" ಅಂತ ಕೇಳಿದಾಗ ನಾನು ಇದನ್ನೆಲ್ಲ ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಕೋಳಿ ಅಂಗಡಿಯಿಂದ ತರುವ ಮಾಂಸಕ್ಕಿಂತ ಇದಕ್ಕೆ ನಾನು ಹೆಚ್ಚು ಲೆಕ್ಕ ಕೊಡುತ್ತೇನೆ, ಅಷ್ಟಂತೂ ಖಂಡಿತ.

ಈಗ ಬಿಲ್ಲಿನ ವಿಷಯ. ಇವತ್ತು ಇಲ್ಲಿ ಹೆಚ್ಚಿನವರು ಹಿಡಿಯುವುದು ಕಾಂಪೌಂಡ್ ಬಿಲ್ಲು. ಮಿಸೌರಿಯ ಹೋಲೆಸ್ ವಿಲ್ಬರ್ ಆಲನ್ ಎಂಬವರಿಗೆ 1969ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ಎರಡು ತುದಿಯಲ್ಲೂ ಗಾಲಿಗಳಿರುತ್ತವೆ. ಪೂರ್ತಿ ಎಳೆದ ಮೇಲೆ ಭಾರ ಬಹಳ ಇಳಿಯುತ್ತದೆ, ಆರಾಮವಾಗಿ ಹಿಡಿದುಕೊಂಡು ಕಾಯಬಹುದು. ನಮ್ಮದು ಹಾಗಲ್ಲ. ಯಜಮಾನರು ಹಿಕರಿ ಮರದ ಒಂದೇ ಸೀಳಿನಿಂದ ಕೆತ್ತಿದ ಬಿಲ್ಲು. ಗಾಲಿ ಇಲ್ಲ, ಗುರಿ ಕಡ್ಡಿ ಇಲ್ಲ. ಎಳೆಯಲು 45 ಪೌಂಡ್ ಭಾರ. ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ಕೈ ಕೆನ್ನೆಗೆ ತಾಗಿದ ಕೂಡಲೇ ಬಿಡಬೇಕು.

ತೊಂದರೆ ಇರುವುದು ಆ ಎಳೆಯುವ ಎರಡು ಸೆಕೆಂಡಿನಲ್ಲಿ. ಟರ್ಕಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಕತ್ತು ಸ್ವಲ್ಪ ತಿರುಗಿಸಿದರೆ ಸುತ್ತಲೂ ಕಾಣುತ್ತದೆ. ಬಣ್ಣ ಗೊತ್ತಾಗುತ್ತದೆ, ಸಣ್ಣ ಅಲುಗಾಟವೂ ಗೊತ್ತಾಗುತ್ತದೆ. ಮೂಗು ಮಾತ್ರ ಅಷ್ಟಕ್ಕಷ್ಟೇ. ಬಾಣ ಬಿಡಬೇಕಾದರೆ ಹಕ್ಕಿ ಹದಿನೈದು ಹೆಜ್ಜೆಯೊಳಗೆ ಬರಬೇಕು. ಅಷ್ಟು ಹತ್ತಿರ ಬಂದ ಹಕ್ಕಿಯ ಎದುರು ಮೊಣಕೈ ಎತ್ತಿದರೆ ಮುಗಿಯಿತು. ಆದ್ದರಿಂದ ಅದರ ಕಣ್ಣನ್ನು ಬೇರೆ ಕಡೆ ಸೆಳೆಯಲು ಇನ್ನೊಬ್ಬರು ಬೇಕೇ ಬೇಕು.

ಕತ್ತಲಿರುವಾಗಲೇ ಗುಡ್ಡ ಹತ್ತಿದೆವು. ಮೇ ತಿಂಗಳಾದರೂ ಬೆರಳು ಮರಗಟ್ಟುವ ಚಳಿ. ಕೆಂಪು, ಬಿಳಿ, ನೀಲಿ ಬಟ್ಟೆ ಯಾರೂ ತೊಟ್ಟಿರಲಿಲ್ಲ. ಗಂಡು ಟರ್ಕಿಯ ತಲೆಗೆ ಅದೇ ಮೂರು ಬಣ್ಣ. ದೂರದಲ್ಲಿರುವ ಬೇರೆ ಬೇಟೆಗಾರರು ಹಕ್ಕಿ ಅಂದುಕೊಂಡು ಗುಂಡು ಹಾರಿಸಬಹುದು. ಯಜಮಾನರು ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು, ಹೊರಡುವ ಮುಂಚೆ ನಮ್ಮ ಕಾಲುಚೀಲವನ್ನೂ ನೋಡುತ್ತಾರೆ.

ನೆತ್ತಿಗೆ ಬಂದ ಮೇಲೆ ಅವರು ಎರಡೂ ಕೈ ಬಾಯಿಗೆ ಹಿಡಿದು ಗೂಬೆಯಂತೆ ಕೂಗಿದರು. ಕೆಳಗಿನ ಓಕ್ ಮರದಿಂದ ತಕ್ಷಣ ಉತ್ತರ ಬಂತು. ಗಂಡು ಟರ್ಕಿಗೆ ಬೆಳಗಿನ ಜಾವ ಯಾವ ಜೋರು ಸದ್ದು ಕೇಳಿದರೂ ತಡೆಯಲಾಗದೆ ಕೂಗುತ್ತದೆ. ಆ ಕೂಗು ಕಣಿವೆಯ ತುಂಬ ಉರುಳಿತು. ಎದೆ ಜೋರಾಗಿ ಬಡಿದುಕೊಂಡಿತು. ಎಷ್ಟು ಸಲ ಕೇಳಿದರೂ ನನಗೆ ಹೀಗೇ ಆಗುತ್ತದೆ.

ಆದರೆ ಆ ಹಕ್ಕಿ ನಮಗೆ ಸಿಗಲಿಲ್ಲ. ಬೆಳಕಾದ ಮೇಲೆ ಕೆಳಗಿಳಿದು, ಪಕ್ಕದ ಮರದ ಹೆಣ್ಣುಗಳ ಜೊತೆ ಎತ್ತಲೋ ನಡೆದುಹೋಯಿತು. ನಿಜವಾದ ಹೆಣ್ಣು ಕಣ್ಣೆದುರು ಇರುವಾಗ ನನ್ನ ಸ್ಲೇಟಿನ ದನಿ ಯಾಕೆ ಬೇಕು ಹೇಳಿ? ಅಲ್ಲದೆ ಟರ್ಕಿಗಳಲ್ಲಿ ಗಂಡು ಕೂಗುತ್ತದೆ, ಹೆಣ್ಣು ಹುಡುಕಿಕೊಂಡು ಬರುತ್ತದೆ. ನಾವು ಗಂಡನ್ನೇ ಬಾ ಅಂತ ಕರೆಯುವುದು ಅವುಗಳ ರೂಢಿಗೆ ಉಲ್ಟಾ.

ಹೊತ್ತೇರಿದ ಮೇಲೆ ಹೆಣ್ಣುಗಳು ಮೊಟ್ಟೆ ಇಡಲು ಗೂಡಿಗೆ ಹೋಗುತ್ತವೆ. ಆಗ ಗಂಡು ಒಂಟಿಯಾಗುತ್ತದೆ. ಒಂಬತ್ತು ಗಂಟೆ ದಾಟುವವರೆಗೆ ಸುಮ್ನೆ ಕಾದೆವು. ಕಣಿವೆಯಲ್ಲಿ ಕೊಕ್ಕರೆಗಳ ಕೂಗು, ಕಾಲ ಬುಡದಲ್ಲಿ ಬಿಳಿ ಟ್ರಿಲಿಯಂ ಹೂ. ಆಮೇಲೆ ಹಳೆಯ ಗಾಡಿ ದಾರಿಯ ತಿರುವಿನಲ್ಲಿ ಜಾಗ ಬದಲಿಸಿದೆವು. ದಾವಣಗೆರೆಯವನು ಬಿದ್ದ ಮರದ ಹಿಂದೆ ಮಂಡಿಯೂರಿ ಕೂತ. ಅವನಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ, ಸ್ವಲ್ಪ ಎಡಕ್ಕೆ ನಾನು. ಹಕ್ಕಿ ದನಿ ಬಂದ ಜಾಗವನ್ನೇ ನೋಡುತ್ತಾ ಬರುತ್ತದೆ, ಹೊಡೆಯುವವನನ್ನು ದಾಟಿ ಅದರ ಕಣ್ಣು ನನ್ನ ಕಡೆಗಿರಬೇಕು. ಯಜಮಾನರು ನನ್ನ ಪಕ್ಕ.

ಸ್ಲೇಟಿನ ಮೇಲೆ ಕಡ್ಡಿ ಉಜ್ಜಿದೆ. ದೂರದಿಂದ ಉತ್ತರ. ಮತ್ತೆ ಕರೆದೆ, ಈ ಸಲ ಸ್ವಲ್ಪ ಹತ್ತಿರದಿಂದ. ಇನ್ನೊಮ್ಮೆ ಕರೆಯಲು ಕೈ ತವಕಿಸುತ್ತಿತ್ತು. ಯಜಮಾನರು ಎರಡು ಬೆರಳು ನನ್ನ ಮಣಿಕಟ್ಟಿನ ಮೇಲಿಟ್ಟರು. ಬೇಡ ಅಂತ ಅರ್ಥ. ಹೆಣ್ಣು ಮೌನವಾದರೆ ಗಂಡಿಗೆ ಹುಡುಕಬೇಕು ಅನಿಸುತ್ತದೆ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಚಿಟುಕು, ಅದರ ಹಿಂದೆಯೇ ತುಂಬಾ ತಗ್ಗಿನ "ವೂಂ" ಸದ್ದು. ಕಿವಿಗಿಂತ ಎದೆಗೇ ಮೊದಲು ತಾಗುವ ಸದ್ದು ಅದು. ತಿರುವಿನಲ್ಲಿ ಹಕ್ಕಿ ಕಾಣಿಸಿತು. ಬಾಲ ಪೂರ್ತಿ ಬೀಸಣಿಗೆಯಾಗಿ ಬಿಚ್ಚಿತ್ತು. ರೆಕ್ಕೆಯ ತುದಿ ನೆಲ ಗೀರುತ್ತಿತ್ತು. ಬಿಸಿಲು ಬಿದ್ದಲ್ಲೆಲ್ಲ ಮೈಗರಿ ತಾಮ್ರ, ಹಸಿರು, ಮತ್ತೆ ತಾಮ್ರ.

ಹತ್ತು ಹೆಜ್ಜೆಗೆ ಬಂದು ನಿಂತಿತು, ಗೆಳೆಯನ ಕಡೆಗೇ ಮುಖ ಮಾಡಿಕೊಂಡು. ಅವನು ಅಲುಗಾಡುವ ಹಾಗಿರಲಿಲ್ಲ. ನಾನು ಸ್ಲೇಟು ಮುಟ್ಟಲಿಲ್ಲ. ಎಡಗೈ ಮೆಲ್ಲಗೆ ಹಿಂದಕ್ಕೆ ಚಾಚಿ, ಒಣ ಎಲೆ ಕೆದರಿದೆ. ಒಂದು ಕೆದರು, ಸ್ವಲ್ಪ ಬಿಟ್ಟು ಇನ್ನೆರಡು. ಹೆಣ್ಣು ಹಕ್ಕಿ ಮೇಯುವಾಗ ಬರುವ ಸದ್ದು ಇದೇ. ಗಂಡು ಎಡಕ್ಕೆ ತಿರುಗಿತು. ಇನ್ನೂ ತಿರುಗಿತು. ಅದರದೇ ಬಾಲದ ಬೀಸಣಿಗೆ ಅದರ ತಲೆಯನ್ನು ಮುಚ್ಚಿತು.

ಆಗ ಬಿಲ್ಲು ಎದ್ದಿತು. ಎಳೆದದ್ದು, ಬಿಟ್ಟದ್ದು ಎರಡೂ ಒಂದೇ ಉಸಿರಿನಲ್ಲಿ. ಬಾಣ ಬೀಸಣಿಗೆಯ ಬುಡದ ನಟ್ಟನಡುವೆ ಹೊಕ್ಕಿತು. ಹಕ್ಕಿ ನಾಲ್ಕು ಹೆಜ್ಜೆ ಹಾಕಿ ಬಿತ್ತು.

ಗೆಳೆಯ ಹತ್ತಿರ ಹೋಗಿ ಮಂಡಿಯೂರಿದ. ಹಕ್ಕಿಯ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. ಅವನ ಕೈ ನಡುಗುತ್ತಿತ್ತು. "ಲೇ, ನೀನು ಎಲೆ ಕೆದರದಿದ್ರೆ ನಾನು ಬಿಲ್ಲು ಎತ್ತೋಕೇ ಆಗ್ತಿರಲಿಲ್ಲ" ಅಂದ. ಯಜಮಾನರು ಅವನ ಭುಜ ತಟ್ಟಿ, ನನ್ನ ಕೈ ಕುಲುಕಿದರು. ಮಾತಾಡಲಿಲ್ಲ.

ಹಕ್ಕಿಯನ್ನು ಆನ್‌ಲೈನಿನಲ್ಲಿ ನೋಂದಾಯಿಸಿ, ಅವರ ಕೊಟ್ಟಿಗೆಯಲ್ಲಿ ಹಸನು ಮಾಡಿದೆವು. ಇಲ್ಲಿ ಅನೇಕರು ಎದೆಮಾಂಸ ಮಾತ್ರ ತೆಗೆದುಕೊಳ್ಳುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಕಾಲು, ತೊಡೆ, ಈಲಿ, ಎಲ್ಲ ನಾನು ಕೇಳಿ ಪಡೆದೆ. ಕಾಡು ಟರ್ಕಿಯ ಕಾಲಿನಲ್ಲಿ ಗಟ್ಟಿ ನರಗಳಿರುತ್ತವೆ, ಕುಕ್ಕರಿನಲ್ಲಿ ತುಂಬಾ ಹೊತ್ತು ಬೇಯಬೇಕು. ಆಮೇಲೆ ಧನಿಯ, ಕಾಳುಮೆಣಸು, ಕಾಯಿ ಹುರಿದು ರುಬ್ಬಿ ಸಾರು ಮಾಡಿದರೆ ಕಡುಬಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆ ರಾತ್ರಿ ಯಜಮಾನರೂ ಅವರ ಹೆಂಡತಿಯೂ ನಮ್ಮ ಮನೆಯಲ್ಲೇ ಊಟ ಮಾಡಿದರು, ಕೈಯಿಂದಲೇ.

ರೆಕ್ಕೆಗಳನ್ನೂ ಬಿಡಲಿಲ್ಲ. ನಮ್ಮ ಬಾಣಗಳಿಗೆ ಕಟ್ಟುವುದು ಟರ್ಕಿಯ ರೆಕ್ಕೆಗರಿಯನ್ನೇ. ಒಂದು ಬಾಣಕ್ಕೆ ಮೂರು ಗರಿ, ಮೂರೂ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡದ್ದು ಒಂದು ಕಡೆ ಬಾಗಿರುತ್ತದೆ, ಬಲದ್ದು ಇನ್ನೊಂದು ಕಡೆ. ಬೆರೆಸಿದರೆ ಬಾಣ ನೆಟ್ಟಗೆ ಸುತ್ತುತ್ತಾ ಹೋಗುವುದಿಲ್ಲ. ಬಲ ರೆಕ್ಕೆ ಗೆಳೆಯನಿಗೆ, ಎಡ ರೆಕ್ಕೆ ನನಗೆ ಅಂತ ಯಜಮಾನರೇ ಹಂಚಿದರು. ಮುಂದಿನ ವಸಂತಕ್ಕೆ ಬಿಲ್ಲು ನನ್ನ ಕೈಗೆ, ಕೂಗುವ ಕೆಲಸ ಅವನಿಗೆ. ಬಾಯೊಳಗೆ ಇಟ್ಟುಕೊಂಡು ಕೂಗುವ ಪುಟ್ಟ ಪೊರೆಯೊಂದನ್ನು ಕೊಂಡುಕೊಂಡು, ಆಫೀಸಿಗೆ ಹೋಗುವಾಗ ಕಾರಿನಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದಾನೆ.