ಬಚ್ಚಲಿಗೆ ಉಕ್ಕುವ ಮೋರಿ ನೀರು: ಕೆಲಸ ಎಲ್ಲಿಗೆ ಬಂತು

ಫೆಬ್ರವರಿ

ಬೆಂಗಳೂರು ಹನುಮಂತನಗರದ ಹಳೇ ಮನೆ, 30-40 ಸೈಟು. ಕೆಳಗೆ ನಾವು, ಮಹಡಿಯಲ್ಲಿ ಬಾಡಿಗೆಯವರು. ಮಳೆ ಜೋರಾದರೆ ನಮ್ಮ ಬಚ್ಚಲ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತೆ. ಮುಂಗಾರಿಗೆ ಮೊದಲು ಇದಕ್ಕೊಂದು ಗತಿ ಕಾಣಿಸಬೇಕು.

ಪ್ಲಂಬರ್ ಬಂದವನೇ ಪೈಪ್ ಪೂರಾ ಬದಲಾಯಿಸಬೇಕು ಅಂದ. ಕಟ್ಟಿಕೊಂಡಿರೋದು ಎಲ್ಲಿ ಅಂತ ನೋಡದೆ ನೆಲ ಒಡೆಸೋಕೆ ನಾನು ತಯಾರಿರಲಿಲ್ಲ. ನಮ್ಮ ಕಾಂಪೌಂಡಿನ ಕೊನೇ ಚೇಂಬರ್ (ಮನೆಯ ಮೋರಿ ಪೈಪುಗಳು ಸೇರುವ ಗುಂಡಿ) ತುಂಬಿ, ರಸ್ತೆಯ ಮ್ಯಾನ್‌ಹೋಲ್‌ನಲ್ಲಿ ನೀರು ಸರಾಗ ಹರೀತಿದ್ದರೆ ದೋಷ ನಮ್ಮ ಪೈಪಿನದು. ಎರಡೂ ತುಂಬಿದ್ದರೆ ರಸ್ತೆ ಲೈನಿನದು. ನಮ್ಮಲ್ಲಿ ಎರಡೂ ತುಂಬಿದ್ದವು. 1916ಕ್ಕೆ ಫೋನ್ ಮಾಡಿದೆ, ಜಲಮಂಡಳಿಯ ಜೆಟ್ಟಿಂಗ್ ಗಾಡಿ ಬಂತು.

ಅದರ ಕೆಲಸ ನೋಡೋಕೇ ಚೆನ್ನ. ಪೈಪನ್ನು ಇಳಿಜಾರಿನ ಕೆಳಗಿನ ಮ್ಯಾನ್‌ಹೋಲಿಂದ ಬಿಡುತ್ತಾರೆ. ಮೂತಿಯ ತೂತುಗಳಿಂದ ನೀರು ಹಿಂದಕ್ಕೆ ರಭಸವಾಗಿ ಚಿಮ್ಮುತ್ತೆ, ಆ ಒತ್ತಡಕ್ಕೆ ಪೈಪು ತಾನೇ ಏರು ದಿಕ್ಕಿಗೆ ನುಗ್ಗುತ್ತೆ. ವಾಪಸ್ ಎಳೆದುಕೊಳ್ಳುವಾಗ ಕಸವೆಲ್ಲ ಕೆಳಗಿನ ಗುಂಡಿಗೆ ಬಂದು ಬೀಳುತ್ತೆ. ನಮ್ಮ ಕ್ರಾಸಿಂದ ಬಂದಿದ್ದು: ತೆಂಗಿನ ನಾರು, ವೈಪ್ಸ್, ಸಾಬೂನಿನ ಹಾಗೆ ಗಟ್ಟಿಯಾದ ಅಡುಗೆ ಎಣ್ಣೆ, ಮತ್ತೆ ರಾಶಿ ರಾಶಿ ಸಿಮೆಂಟ್ ರಾಡಿ. ಕ್ರಾಸಿನಲ್ಲಿ ಎಲ್ಲೆಲ್ಲಿ ಮನೆ ಕಟ್ಟುತ್ತಿದ್ದಾರೆ ಅಂತ ಬೇರೆ ವಿಚಾರಿಸಬೇಕಿಲ್ಲ.

"ಒಬ್ಬನ್ನ ಇಳಿಸಿದ್ರೆ ಬೇಗ ಆಗ್ತಿತ್ತಲ್ಲಪ್ಪ" ಅಂದರು ಎದುರು ಮನೆ ಯಜಮಾನರು. "ಇಳಿಸೋ ಹಾಗಿಲ್ಲ ಸಾರ್" ಅಂದ ಗಾಡಿಯವನು. ಸುರಕ್ಷತೆ ಇಲ್ಲದೆ ಆಳನ್ನು ಮ್ಯಾನ್‌ಹೋಲಿಗೆ ಇಳಿಸೋದನ್ನು ತಡೆಯುವ 2013ರ ಕಾನೂನಿದೆ. ಅದು ಇಲ್ಲದಿದ್ದರೂ, ಒಳಗಿನ ಹೈಡ್ರೋಜನ್ ಸಲ್ಫೈಡ್ ಎರಡು ಉಸಿರಿಗೆ ಆಳನ್ನು ಬೀಳಿಸುತ್ತೆ ಅಂತ ಗೊತ್ತಿದ್ದೂ ಇದನ್ನು ಕೇಳುತ್ತಾರಲ್ಲ!

ಮಾರ್ಚ್

ಗಾರೆ ಮೇಸ್ತ್ರಿಯ ನೀರು ತುಂಬಿದ ಲೆವೆಲ್ ಟ್ಯೂಬ್ ಇಸಕೊಂಡು ಅಳೆದೆವು. ಬಚ್ಚಲ ನೆಲ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ನಾಲ್ಕು ಬೆರಳು ತಗ್ಗು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಅದರ ಜೊತೆ ಮುಚ್ಚಳವೂ ಏರಿದೆ, ಮನೆ ಇದ್ದಲ್ಲೇ ಇದೆ. ಅಲ್ಲಿಗೆ ಲೆಕ್ಕ ಮುಗೀತು. ಲೈನ್ ತುಂಬಿದರೆ ನೀರು ಮೊದಲು ಏಳೋದು ತಗ್ಗಿನ ಬಾಯಲ್ಲಿ. ಆ ಬಾಯಿ ನಮ್ಮ ಬಚ್ಚಲು. ಆ್ಯಸಿಡ್ ಸುರಿದರೂ ಅಷ್ಟೇ, ಹೊಸ ಪೈಪ್ ಹಾಕಿದರೂ ಅಷ್ಟೇ.

ಏಪ್ರಿಲ್

ಟೆರೇಸಿನ ಮಳೆನೀರೂ ಮೋರಿಗೇ ಸೇರುತ್ತಾ ಅಂತ ನೋಡೋಕೆ, ಅದರ ಪೈಪಿಗೆ ಒಂದು ಬಕೆಟ್ ನೀರಿನಲ್ಲಿ ಬಟ್ಟೆಗೆ ಹಾಕುವ ಉಜಾಲಾ ಕಲಸಿ ಸುರಿದೆವು. ಕ್ಷಣದಲ್ಲಿ ಚೇಂಬರ್ ನೀಲಿ. ಹಿಂದಿನ ಮಾಲೀಕರು ಕಟ್ಟಿಸುವಾಗಲೇ ಕೊಟ್ಟ ಸಂಪರ್ಕ.

ಬೆಂಗಳೂರಲ್ಲಿ ಒಳಚರಂಡಿ ಬೇರೆ, ಮಳೆನೀರಿನ ಮೋರಿ ಬೇರೆ. 1200 ಚದರಡಿ ಟೆರೇಸಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಬಿದ್ದರೆ ಸುಮಾರು 5,500 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೂ ಐದು ಜನರ ಮನೆ ಎಂಟು ದಿನಕ್ಕೆ ಬಿಡುವ ನೀರು ಅದು. ಒಂದೇ ಗಂಟೆಯಲ್ಲಿ, ಕ್ರಾಸಿನ ಹತ್ತಾರು ಮನೆಯಿಂದ ಹೀಗೆ ಇಳಿದರೆ ಯಾವ ಲೈನ್ ತಡೆಯುತ್ತೆ?

ಪೈಪ್ ಕತ್ತರಿಸಿ, ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿದ್ದಾಯ್ತು. ಸಂಪು ತುಂಬಿದರೆ ಮುಂದಿನ ಇಂಗುಗುಂಡಿಗೆ.

ಮೇ

ಇನ್ನು ಉಳಿದದ್ದು, ರಸ್ತೆ ಲೈನಿನ ನೀರು ಮನೆಗೆ ವಾಪಸ್ ಬರದ ಹಾಗೆ ತಡೆಯುವ ವಾಲ್ವ್. ಅದನ್ನು ಹುಡುಕೋದೇ ಒಂದು ಪಾಡು. ಎನ್‌ಆರ್‌ವಿ (ನಾನ್-ರಿಟರ್ನ್ ವಾಲ್ವ್) ಕೇಳಿದರೆ ಅಂಗಡಿಯವರು ಮೋಟರಿಗೆ ಹಾಕುವ ಸ್ಪ್ರಿಂಗಿನ ಹಿತ್ತಾಳೆದು ತೋರಿಸುತ್ತಾರೆ. ಮೋರಿಗೆ ಅದು ಬೇಡ, ಸ್ಪ್ರಿಂಗಿಗೆ ಕೂದಲು ಸುತ್ತಿಕೊಳ್ಳುತ್ತೆ. ಬೇಕಾದ್ದು ಒಳಗೆ ತೂಗಾಡುವ ರೆಕ್ಕೆ ಇರುವ, ಮೇಲಿನ ಮುಚ್ಚಳ ತೆಗೆದು ತೊಳೆಯಬಹುದಾದ ನಾಲ್ಕಿಂಚಿನದು. ನೀರು ಹೊರಗೆ ಹೋಗುವಾಗ ರೆಕ್ಕೆ ಏಳುತ್ತೆ, ವಾಪಸ್ ಬಂದರೆ ಕೂರುತ್ತೆ.

ಕೂರಿಸುವ ಜಾಗದ ಬಗ್ಗೆ ಪ್ಲಂಬರ್ ಜೊತೆ ಒಂದು ಸುತ್ತು ಜಗಳವೇ ಆಯಿತು. ಅವನು ರಸ್ತೆ ಕಡೆಯ ಮೇನ್ ಪೈಪಿಗೆ ಅಂದ. ಅಲ್ಲಿ ಕೂರಿಸಿದರೆ, ರೆಕ್ಕೆ ಮುಚ್ಚಿದ್ದಾಗ ಮಹಡಿಯವರು ಫ್ಲಶ್ ಮಾಡಿದ್ದು ಹೋಗೋಕೆ ದಾರಿ ಇಲ್ಲದೆ ನಮ್ಮ ಬಚ್ಚಲಿಗೇ ಬರುತ್ತೆ. ಹಾಗಾಗಿ ನೆಲಮಹಡಿಯಿಂದ ಚೇಂಬರಿಗೆ ಸೇರುವ ಕವಲಿಗೆ ಮಾತ್ರ ಹಾಕಿಸಿದೆ. ಜೊತೆಗೆ ಹಿತ್ತಲ ಓಣಿಯಲ್ಲಿ, ಬಚ್ಚಲ ನೆಲಕ್ಕಿಂತ ಗೇಣು ತಗ್ಗಿನಲ್ಲಿ, ಚೇಂಬರಿಗೆ ಸೇರಿದ ಒಂದು ಗಲ್ಲಿ ಟ್ರ್ಯಾಪ್ (ಜಾಲರಿ ಮುಚ್ಚಿದ, ವಾಸನೆ ತಡೆಯೋಕೆ ಒಳಗೆ ನೀರು ನಿಲ್ಲುವ ಮೋರಿ ಬಾಯಿ). ಉಕ್ಕೋದಿದ್ದರೆ ಅಲ್ಲಿ ಉಕ್ಕಲಿ. ಇಂಗುಗುಂಡಿಗೆ ಮೋರಿ ನೀರು ಸೇರದ ಹಾಗೆ ಅದರ ಕಟ್ಟೆಯನ್ನು ಎರಡು ವರಸೆ ಏರಿಸಿದ್ದೇವೆ.

ತಿಂಗಳ ಕೊನೆಗೆ ಒಂದು ಸಂಜೆ ಸರಿಯಾಗಿ ಹುಯ್ದ ಮಳೆಯಲ್ಲಿ ಪರೀಕ್ಷೆಯೂ ಆಯಿತು. ಓಣಿಯ ಟ್ರ್ಯಾಪಿನಲ್ಲಿ ನೊರೆ ಎದ್ದು ಒಂದಿಷ್ಟು ನೀರು ಹರಿಯಿತು. ಬಚ್ಚಲಲ್ಲಿ ಬರೀ ಗುಳುಗುಳು ಸದ್ದು, ನೀರಿಲ್ಲ. ಮಳೆ ಹೊತ್ತಿನಲ್ಲಿ ನಾವು ಕೆಳಗಿನವರು ನೀರು ಬಿಡೋ ಹಾಗಿಲ್ಲ, ಅದಕ್ಕೆ ಉಪಾಯ ಇಲ್ಲ.

ಮಾರನೇ ದಿನ ವಾಲ್ವ್ ತೆರೆದರೆ ರೆಕ್ಕೆಯ ಅಂಚಿಗೆ ಕೂದಲ ಎಳೆ, ಒಂದು ಶಾಂಪೂ ಸ್ಯಾಷೆಯ ತುಂಡು. ತಿಂಗಳಿಗೊಮ್ಮೆ ತೊಳೆಯೋ ಕೆಲಸ ನನ್ನ ಪಾಲಿಗೆ ಬಂತು. ಉಳಿದಿರೋದು ಕ್ರಾಸಿನ ಮಿಕ್ಕ ಟೆರೇಸುಗಳು. ಎದುರು ಮನೆ ಯಜಮಾನರು ಒಪ್ಪಿದ್ದಾರೆ, ಭಾನುವಾರ ಅವರ ಪೈಪಿಗೂ ನೀಲಿ ಸುರಿದು ನೋಡೋದು.